ಜಾವಾ ಬೈಕಿನ ಜನಕ ಫ್ರಾಂಟಿಷೆಕ್ ಯಾನೆಚೆಕ್



ಜಾವಾ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಭೂಗೋಳದ ಪಾಠವನ್ನು ಗಮನವಿಟ್ಟು ಓದಿದವರು ಇಂಡೋನೇಷ್ಯಾ ದೇಶದ ಒಂದು ದ್ವೀಪ ಎನ್ನುತ್ತೀರಿ. ಅದು ಸರಿಯೇ. ಆದರೆ ಇದೇ ಪ್ರಶ್ನೆಯನ್ನು ನಿಮ್ಮ ತಾತನಿಗೋ ಊರಿನ ಹಳೆಯ ಮೆಕ್ಯಾನಿಕ್‌ಗೋ ಕೇಳಿ ನೋಡಿ. ಅವರು ದ್ವೀಪದ ಮಾತೆತ್ತುವುದಿಲ್ಲ. ಡುಗ್ ಡುಗ್ ಎಂದು ಸದ್ದು ಮಾಡುತ್ತಾ ಓಡುತ್ತಿದ್ದ ಒಂದು ಮೋಟಾರ್ ಸೈಕಲ್ಲಿನ ಕಥೆಯನ್ನು ಹೇಳತೊಡಗುತ್ತಾರೆ.

ಆ ಮೋಟಾರ್ ಸೈಕಲ್ ತಯಾರಾಗುತ್ತಿದ್ದುದು ನಮ್ಮ ರಾಜ್ಯದಲ್ಲೇ, ಮೈಸೂರಿನಲ್ಲಿ. ಆದರೆ ಅದರ ಹೆಸರು ಮೈಸೂರಿನದಲ್ಲ. ಆ ದ್ವೀಪಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಹಾಗಾದರೆ ಹೆಸರು ಎಲ್ಲಿಂದ ಬಂತು? ಅದನ್ನು ತಿಳಿಯಬೇಕಾದರೆ ದೂರದ ಯುರೋಪಿನಲ್ಲಿ ಹುಟ್ಟಿದ ಒಬ್ಬ ಎಂಜಿನಿಯರರ ಜೀವನವನ್ನು ತಿಳಿಯಬೇಕು. ಅವರೇ ಫ್ರಾಂಟಿಷೆಕ್ ಯಾನೆಚೆಕ್.

ಆಯುಧಗಳ ಕಾರ್ಖಾನೆ

ಯಾನೆಚೆಕ್ 1878ರ ಜನವರಿ 23ರಂದು ಬೊಹೀಮಿಯಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಇಂದು ಆ ಪ್ರದೇಶ ಚೆಕ್ ಗಣರಾಜ್ಯದಲ್ಲಿದೆ. ಆಗ ಅಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಆಳ್ವಿಕೆಯಿತ್ತು. ಯಾನೆಚೆಕ್ ತಾಂತ್ರಿಕ ಶಿಕ್ಷಣ ಪಡೆದು ಎಂಜಿನಿಯರ್ ಆದರು. ಮುಂದೆ ತಮ್ಮದೇ ವರ್ಕ್‌ಶಾಪ್ ತೆರೆದರು. ಯಾವುದೇ ಯಂತ್ರವನ್ನು ನೋಡಿದರೂ ಇದನ್ನು ಇನ್ನೂ ಚೆನ್ನಾಗಿ ಮಾಡಬಹುದಲ್ಲ ಎಂದು ಯೋಚಿಸುವುದು ಅವರ ಸ್ವಭಾವ. ಹೀಗೆ ಯೋಚಿಸಿ ಮಾಡಿದ ಅನೇಕ ಹೊಸ ರಚನೆಗಳಿಗೆ ಅವರು ಪೇಟೆಂಟ್ ಪಡೆದರು. ಪೇಟೆಂಟ್ ಎಂದರೆ ಗೊತ್ತೆ? ಹೊಸದೊಂದನ್ನು ಕಂಡುಹಿಡಿದವರಿಗೆ ಅದರ ಮೇಲೆ ಕೆಲವು ವರ್ಷಗಳ ಮಟ್ಟಿಗೆ ಸರಕಾರ ಕೊಡುವ ಹಕ್ಕು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಯಾನೆಚೆಕ್ ಸೈನ್ಯದಲ್ಲಿದ್ದು ಅಲ್ಲಿಯೂ ಆಯುಧಗಳ ಸುಧಾರಣೆಯ ಕೆಲಸ ಮಾಡಿದರು. ಯುದ್ಧ ಮುಗಿದ 1918ರಲ್ಲಿ ಚೆಕೊಸ್ಲೊವಾಕಿಯಾ ಎಂಬ ಹೊಸ ದೇಶ ಹುಟ್ಟಿತು. ಹೊಸ ದೇಶಕ್ಕೆ ಹೊಸ ಸೈನ್ಯ ಬೇಕು, ಸೈನ್ಯಕ್ಕೆ ಆಯುಧಗಳು ಬೇಕು. ಯಾನೆಚೆಕ್ ಆಯುಧಗಳ ಕಾರ್ಖಾನೆ ಕಟ್ಟಿದರು. ಅವರು ರೂಪಿಸಿದ ಕೈಬಾಂಬನ್ನು ಆ ದೇಶದ ಸೈನ್ಯ ಬಳಸಿತು. ಪ್ರಾಗ್ ನಗರದಲ್ಲೂ ಅದರ ಸಮೀಪದ ಟೀನೆಟ್ಸ್ ಎಂಬ ಊರಿನಲ್ಲೂ ಅವರ ಕೆಲಸ ನಡೆಯುತ್ತಿತ್ತು.

ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಯುದ್ಧದಿಂದ ಬೇಸತ್ತ ದೇಶಗಳು ಆಯುಧ ಕೊಳ್ಳುವುದನ್ನು ಕಡಿಮೆ ಮಾಡಿದವು. ಕಾರ್ಖಾನೆಗೆ ಬೇಡಿಕೆ ಕುಗ್ಗಿತು. ಒಳ್ಳೆಯ ಯಂತ್ರಗಳಿವೆ, ನುರಿತ ಕೆಲಸಗಾರರಿದ್ದಾರೆ, ಆದರೆ ಮಾಡಲು ಕೆಲಸವಿಲ್ಲ. ಯಾನೆಚೆಕ್ ಅವರ ಮುಂದೆ ಎರಡೇ ದಾರಿಗಳಿದ್ದವು. ಒಂದು, ಕಾರ್ಖಾನೆಯನ್ನು ಮುಚ್ಚುವುದು. ಇನ್ನೊಂದು, ಅದೇ ಯಂತ್ರಗಳಿಂದ, ಅದೇ ಕೈಗಳಿಂದ ಬೇರೆ ಏನನ್ನಾದರೂ ತಯಾರಿಸುವುದು. ಲೋಹವನ್ನು ಕೊರೆಯುವ ಲೇತ್ ಯಂತ್ರಕ್ಕೆ ತಾನು ಬಾಂಬಿನ ಭಾಗ ಮಾಡುತ್ತಿದ್ದೇನೆಯೋ ಬೈಕಿನ ಭಾಗ ಮಾಡುತ್ತಿದ್ದೇನೆಯೋ ಎಂಬುದು ತಿಳಿಯುವುದಿಲ್ಲ, ಅಲ್ಲವೆ? ಅದನ್ನು ತೀರ್ಮಾನಿಸುವವನು ಮನುಷ್ಯ. ಯಾನೆಚೆಕ್ ಮೋಟಾರ್ ಸೈಕಲ್ಲನ್ನು ಆರಿಸಿಕೊಂಡರು.

ಹೆಸರು ಹುಟ್ಟಿದ್ದು ಹೀಗೆ

ಮೋಟಾರ್ ಸೈಕಲ್ಲನ್ನು ಮೊದಲಿನಿಂದ ರೂಪಿಸಲು ಹಲವು ವರ್ಷಗಳು ಬೇಕು. ಅಷ್ಟು ಸಮಯ ಯಾನೆಚೆಕ್ ಅವರ ಬಳಿ ಇರಲಿಲ್ಲ. ಜರ್ಮನಿಯ ವಾಂಡರರ್ ಎಂಬ ಕಂಪನಿ ಆಗ ತಾನೇ 500 ಸಿ.ಸಿ. ಸಾಮರ್ಥ್ಯದ ಒಂದು ಬೈಕನ್ನು ರೂಪಿಸಿತ್ತು. ಯಾನೆಚೆಕ್ ಆ ಬೈಕನ್ನು ತಯಾರಿಸುವ ಹಕ್ಕನ್ನು ಕೊಂಡರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ ಸೇರಿಸಿ 1929ರಲ್ಲಿ ಬೈಕಿಗೆ ಹೆಸರಿಟ್ಟರು. ಇಂಗ್ಲಿಷ್‌ನ ಜೆ ಅಕ್ಷರವನ್ನು ಚೆಕ್ ಭಾಷೆಯಲ್ಲಿ ಯ ಎಂದು ಓದುತ್ತಾರೆ. ಆದ್ದರಿಂದ ಅವರ ನಾಡಿನಲ್ಲಿ ಅದು ಯಾವಾ. ನಾವು ಇಂಗ್ಲಿಷ್ ಓದುವ ರೀತಿಯಲ್ಲಿ ಅದನ್ನು ಜಾವಾ ಎಂದೆವು.

ಮೊದಲ ಜಾವಾ ದೊಡ್ಡ ಬೈಕು. ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಕ್ಕೆ ಚೈನಿನ ಮೂಲಕ ಹೋಗುತ್ತಿರಲಿಲ್ಲ, ತಿರುಗುವ ಉಕ್ಕಿನ ದಂಡದ ಮೂಲಕ ಹೋಗುತ್ತಿತ್ತು. ನೋಡಲು ಚೆಂದ, ಓಡಿಸಲು ಗತ್ತು. ಆದರೆ ಬೆಲೆ ಬಹಳ ಹೆಚ್ಚು. ಜೊತೆಗೆ ಆರಂಭದಲ್ಲಿ ಕೆಲವು ದೋಷಗಳೂ ಕಾಣಿಸಿಕೊಂಡವು. ಸಾಲದ್ದಕ್ಕೆ ಅದೇ 1929ರಲ್ಲಿ ಜಗತ್ತಿನಾದ್ಯಂತ ಮಹಾ ಆರ್ಥಿಕ ಕುಸಿತ ಶುರುವಾಯಿತು. ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಊಟಕ್ಕೇ ಕಷ್ಟವಾದಾಗ ದುಬಾರಿ ಬೈಕನ್ನು ಯಾರು ಕೊಳ್ಳುತ್ತಾರೆ? ನಿರೀಕ್ಷಿಸಿದಷ್ಟು ಬೈಕುಗಳು ಮಾರಾಟವಾಗಲಿಲ್ಲ.

ಯಾನೆಚೆಕ್ ಇಲ್ಲಿಗೇ ಕೈಚೆಲ್ಲಿ ಕುಳಿತುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ತಪ್ಪು ಎಲ್ಲಾಯಿತು ಎಂದು ಹುಡುಕಿದರು. ತಾವು ತಯಾರಿಸಬಲ್ಲ ಬೈಕನ್ನು ತಯಾರಿಸುವುದಲ್ಲ, ಸಾಮಾನ್ಯ ಜನ ಕೊಳ್ಳಬಲ್ಲ ಬೈಕನ್ನು ತಯಾರಿಸಬೇಕು ಎಂಬುದು ಅವರಿಗೆ ಮನದಟ್ಟಾಯಿತು. ಜಾರ್ಜ್ ವಿಲಿಯಂ ಪ್ಯಾಚೆಟ್ ಎಂಬ ಇಂಗ್ಲಿಷ್ ತಂತ್ರಜ್ಞರನ್ನು ಕರೆಸಿಕೊಂಡರು. ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ 175 ಸಿ.ಸಿ.ಯ ಪುಟ್ಟ ಎಂಜಿನ್ ಅಳವಡಿಸಿ 1932ರಲ್ಲಿ ಹಗುರವಾದ, ಅಗ್ಗವಾದ ಬೈಕನ್ನು ಹೊರತಂದರು. ಅದು ಸಾವಿರಾರು ಸಂಖ್ಯೆಯಲ್ಲಿ ಮಾರಾಟವಾಯಿತು. ಕಾರ್ಖಾನೆ ಉಳಿಯಿತು, ಕೆಲಸಗಾರರ ಅನ್ನವೂ ಉಳಿಯಿತು. 1934ರಲ್ಲಿ ಯಾನೆಚೆಕ್ ಸಣ್ಣ ಕಾರುಗಳನ್ನೂ ತಯಾರಿಸತೊಡಗಿದರು.

ಪುಟ್ಟ ಎಂಜಿನ್ನಿನ ಗುಟ್ಟು

ಆ ಪುಟ್ಟ ಎಂಜಿನ್ ಅಗ್ಗವಾಗಿದ್ದುದು ಹೇಗೆ? ಅದು ಟೂ ಸ್ಟ್ರೋಕ್ ಎಂಜಿನ್. ನಿಮ್ಮಲ್ಲಿ ಹಲವರು ಇಂಥ ಎಂಜಿನ್ನನ್ನು ಹೊಲದಲ್ಲೇ ನೋಡಿರಬಹುದು. ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ, ಕುರುಗೋಡು ಕಡೆಯ ಹೊಲಗಳಲ್ಲಿ ರೈತರು ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇರುತ್ತದಲ್ಲ, ಅವುಗಳಲ್ಲಿ ಅನೇಕವು ಟೂ ಸ್ಟ್ರೋಕ್ ಎಂಜಿನ್ನಿನಿಂದಲೇ ನಡೆಯುತ್ತವೆ. ಅದಕ್ಕೆ ಪೆಟ್ರೋಲ್ ಹಾಕುವಾಗ ಜೊತೆಗೆ ಸ್ವಲ್ಪ ಎಣ್ಣೆಯನ್ನೂ ಬೆರೆಸುವುದನ್ನು ಗಮನಿಸಿದ್ದೀರಾ?

ಎಂಜಿನ್ನಿನ ಒಳಗೆ ಕೊಳವೆಯಂಥ ಸಿಲಿಂಡರ್ ಇದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಚಲಿಸಿದರೆ ಅದು ಒಂದು ಸ್ಟ್ರೋಕ್.

ಪಿಸ್ಟನ್ ಮೇಲಕ್ಕೆ ಹೋಗುವಾಗ ತನ್ನ ಮೇಲಿರುವ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಹೊತ್ತಿಗೆ ಪಿಸ್ಟನ್ನಿನ ಕೆಳಗಿನ ಕೋಣೆಗೆ ಹೊಸ ಮಿಶ್ರಣ ಬಂದು ತುಂಬಿಕೊಳ್ಳುತ್ತದೆ. ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಮಿಶ್ರಣ ಉರಿದು ಬಿಸಿ ಅನಿಲ ಹಿಗ್ಗುತ್ತದೆ. ಪಿಸ್ಟನ್ ಕೆಳಕ್ಕೆ ನೂಕಲ್ಪಡುತ್ತದೆ. ಕೆಳಗಿಳಿಯುವಾಗ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳು ತೆರೆದುಕೊಳ್ಳುತ್ತವೆ. ಒಂದು ಕಿಂಡಿಯಿಂದ ಹೊಗೆ ಹೊರಗೆ ಹೋಗುತ್ತದೆ, ಇನ್ನೊಂದರಿಂದ ಕೆಳಗಿನ ಕೋಣೆಯ ಹೊಸ ಮಿಶ್ರಣ ಮೇಲಕ್ಕೆ ಬರುತ್ತದೆ. ಹೀಗೆ ಎರಡೇ ಸ್ಟ್ರೋಕ್‌ಗಳಲ್ಲಿ ಎಲ್ಲ ಕೆಲಸವೂ ಮುಗಿಯಿತು!

ಇಲ್ಲಿ ಬಾಗಿಲು ತೆರೆದು ಮುಚ್ಚಲು ಬೇರೆ ಕವಾಟಗಳಿಲ್ಲ. ಪಿಸ್ಟನ್ನೇ ಬಾಗಿಲು ಕಾಯುತ್ತದೆ. ಪಿಸ್ಟನ್, ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್, ತಿರುಗುವ ಕ್ರ್ಯಾಂಕ್ ಶಾಫ್ಟ್ ಇವೇ ಮುಖ್ಯವಾದ ಚಲಿಸುವ ಭಾಗಗಳು. ಭಾಗಗಳು ಕಡಿಮೆಯಾದರೆ ತಯಾರಿಸುವ ಖರ್ಚು ಕಡಿಮೆ, ಕೆಡುವುದೂ ಕಡಿಮೆ, ಕೆಟ್ಟರೆ ರಿಪೇರಿಯೂ ಸುಲಭ. ಪಿಸ್ಟನ್ನಿನ ಕೆಳಗಿನ ಕೋಣೆಯಲ್ಲೂ ಮಿಶ್ರಣವೇ ತುಂಬಿರುವುದರಿಂದ ಅಲ್ಲಿ ಎಣ್ಣೆಯನ್ನು ಬೇರೆಯಾಗಿ ಇಡಲಾಗುವುದಿಲ್ಲ. ಆದ್ದರಿಂದ ಸವೆತ ತಡೆಯುವ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಆ ಎಣ್ಣೆಯೂ ಉರಿಯುವುದರಿಂದ ನೀಲಿ ಹೊಗೆ ಬರುತ್ತದೆ. ಈ ಹೊಗೆಯನ್ನು ನೆನಪಿಡಿ. ಕಥೆಯ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಕತ್ತಲ ದಿನಗಳಲ್ಲಿ

1939ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ನಗರವನ್ನು ಆಕ್ರಮಿಸಿತು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಜನರಿಗಾಗಿ ಬೈಕ್ ತಯಾರಿಸುವುದು ನಿಂತುಹೋಯಿತು. ಕಾರ್ಖಾನೆ ಜರ್ಮನ್ ಸೈನ್ಯದ ಕೆಲಸ ಮಾಡಬೇಕಾಯಿತು. ತಮ್ಮ ಕಾರ್ಖಾನೆ ಪರರ ವಶವಾಗಿದ್ದಾಗಲೇ, 1941ರ ಜೂನ್ 4ರಂದು ಯಾನೆಚೆಕ್ ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಆದರೆ ಅವರು ಬೆಳೆಸಿದ ತಂತ್ರಜ್ಞರು ಸುಮ್ಮನಿರಲಿಲ್ಲ. ಯುದ್ಧ ಒಂದು ದಿನ ಮುಗಿಯುತ್ತದೆ, ಆಗ ಜನರಿಗೆ ಬೈಕು ಬೇಕಾಗುತ್ತದೆ ಎಂದು ನಂಬಿ ಗುಟ್ಟಾಗಿ ಹೊಸ ಬೈಕನ್ನು ರೂಪಿಸತೊಡಗಿದರು. ಸಿಕ್ಕಿಬಿದ್ದಿದ್ದರೆ ಕಠಿಣ ಶಿಕ್ಷೆ ತಪ್ಪುತ್ತಿರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ 1946ರಲ್ಲಿ 250 ಸಿ.ಸಿ.ಯ ಆ ಬೈಕು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದಿತು. ಅದರ ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಇತ್ತು. ಅದಕ್ಕೇ ಜನ ಅದನ್ನು ಸ್ಪ್ರಿಂಗಿನ ಬೈಕು ಎಂಬ ಅರ್ಥ ಬರುವಂತೆ ಪೆರಾಕ್ ಎಂದು ಕರೆದರು. ಯಾನೆಚೆಕ್ ಅದನ್ನು ನೋಡಲಿಲ್ಲ. ಕಾರ್ಖಾನೆಯೂ ಅವರ ಮನೆತನದ ಕೈಯಲ್ಲಿ ಉಳಿಯಲಿಲ್ಲ, ಸರಕಾರದ ವಶವಾಯಿತು. ಆದರೆ ಅವರು ಇಟ್ಟ ಹೆಸರು ಉಳಿಯಿತು. ಜಾವಾ ಬೈಕುಗಳು ನೂರಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿದವು.

ಮೈಸೂರಿಗೆ ಬಂದ ಜಾವಾ

ಅಂಥ ದೇಶಗಳಲ್ಲಿ ನಮ್ಮದೂ ಒಂದು. ಮುಂಬಯಿಯಲ್ಲಿ ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಎಂಬುವರು ಜಾವಾ ಬೈಕುಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ವಸ್ತುಗಳು ನಮ್ಮಲ್ಲೇ ತಯಾರಾಗಬೇಕೆಂದು ಸರಕಾರ ಆಮದಿಗೆ ಕಡಿವಾಣ ಹಾಕಿತು. ಆಗ ಇಲ್ಲಿಯೇ ಕಾರ್ಖಾನೆ ಕಟ್ಟುವ ಯೋಚನೆ ಬಂತು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ನಗರದ ಯಾದವಗಿರಿಯಲ್ಲಿ ಕಾರ್ಖಾನೆ ತಲೆಯೆತ್ತಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಮೈಸೂರಿನ ಜಾವಾ ರಸ್ತೆಗಿಳಿಯಿತು.

ಚೆಕೊಸ್ಲೊವಾಕಿಯಾದ ತಂತ್ರಜ್ಞಾನ, ನಮ್ಮವರ ಕೈಕೆಲಸ. ದಿನಗಳೆದಂತೆ ಹೆಚ್ಚು ಹೆಚ್ಚು ಬಿಡಿಭಾಗಗಳು ಇಲ್ಲಿಯೇ ತಯಾರಾದವು. 1973ರಿಂದ ಬೈಕಿಗೆ ಯೆಜ್ಡಿ ಎಂಬ ಹೊಸ ಹೆಸರು ಬಂತು. ಇರಾನ್ ದೇಶದ ಯಜ್ದ್ ನಗರದಿಂದ ಬಂದ ಹೆಸರು ಅದು. 1978ರಲ್ಲಿ ರೋಡ್ ಕಿಂಗ್ ಎಂಬ ಮಾದರಿ ಹೊರಬಂದು ಹೆಸರುವಾಸಿಯಾಯಿತು.

ಈ ಬೈಕಿನಲ್ಲಿ ಒಂದು ಸೊಗಸಾದ ಜಾಣತನವಿತ್ತು. ಕಿಕ್ ಹೊಡೆಯಲು ಒಂದು, ಗೇರ್ ಹಾಕಲು ಇನ್ನೊಂದು ಎಂದು ಎರಡು ಸನ್ನೆಗಳಿರಲಿಲ್ಲ. ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಎಂಜಿನ್ ಸ್ಟಾರ್ಟ್ ಆದ ಮೇಲೆ ಮೊದಲಿನ ಜಾಗಕ್ಕೆ ತಂದರೆ ಗೇರ್! ಕಡಿಮೆ ಭಾಗಗಳಿಂದ ಹೆಚ್ಚು ಕೆಲಸ ಎಂಬ ಪಾಠ ಇಲ್ಲಿಯೂ ಕಾಣುತ್ತದೆ, ನೋಡಿ.

ಬೈಕ್ ಕಾರ್ಖಾನೆಯ ಒಳಗೆ

ಬನ್ನಿ, ಇಂಥ ಕಾರ್ಖಾನೆಯೊಳಗೆ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬರೋಣ.

ಬೈಕಿನ ಬಹುಭಾಗ ಉಕ್ಕು. ಉಕ್ಕು ಬರುವುದು ಕಬ್ಬಿಣದ ಅದಿರಿನಿಂದ. ಅದು ನಿಮಗೆ ಹೊಸದಲ್ಲ. ಸಂಡೂರಿನ ಬೆಟ್ಟಗಳ ಕೆಂಪು ಅದಿರನ್ನೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನೂ ಬಳ್ಳಾರಿ ಜಿಲ್ಲೆಯ ಮಕ್ಕಳಾದ ನೀವು ಬಲ್ಲಿರಿ. ಉಕ್ಕಿನ ತಗಡು, ಕೊಳವೆ, ಸರಳು ಬೈಕ್ ಕಾರ್ಖಾನೆಗೆ ಬಂದ ಮೇಲೆ ಮುಂದಿನ ಕೆಲಸ ಶುರು.

ಮೊದಲು ಎರಕದ ವಿಭಾಗ. ಕರಗಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಎಂಜಿನ್ನಿನ ಹೊರಕವಚ ಮಾಡುತ್ತಾರೆ. ಸಿಲಿಂಡರಿನ ಸುತ್ತ ಪದರ ಪದರವಾಗಿ ರೆಕ್ಕೆಗಳಿರುವುದನ್ನು ನೋಡಿದ್ದೀರಲ್ಲವೆ? ಅವು ಅಲಂಕಾರಕ್ಕಲ್ಲ. ಗಾಳಿ ತಾಗುವ ಮೇಲ್ಮೈ ಹೆಚ್ಚಾದಷ್ಟೂ ಶಾಖ ಬೇಗ ಹೊರಹೋಗುತ್ತದೆ. ಅಗಲವಾದ ತಟ್ಟೆಗೆ ಹಾಕಿದ ಬಿಸಿ ಅನ್ನ ಬೇಗ ಆರುವುದಿಲ್ಲವೆ, ಹಾಗೆ.

ಮುಂದೆ ಯಂತ್ರಗಳ ವಿಭಾಗ. ಲೇತ್ ಮೊದಲಾದ ಯಂತ್ರಗಳು ಲೋಹವನ್ನು ಕೊರೆದು, ಉಜ್ಜಿ, ನಯ ಮಾಡುತ್ತವೆ. ಇಲ್ಲಿ ಅಳತೆ ಬಹಳ ಮುಖ್ಯ. ಪಿಸ್ಟನ್ ಸಡಿಲವಾದರೆ ಅನಿಲ ಸೋರಿಹೋಗುತ್ತದೆ, ಬಿಗಿಯಾದರೆ ಬಿಸಿಗೆ ಹಿಗ್ಗಿ ಸಿಕ್ಕಿಕೊಳ್ಳುತ್ತದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಬರುವ ಒಂದು ಪಾಲನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಪೆಟ್ರೋಲ್ ಟ್ಯಾಂಕಿನ ಕೆಲಸ ಬೇರೆ ಕಡೆ. ದೊಡ್ಡ ಒತ್ತು ಯಂತ್ರ ತಗಡನ್ನು ಒತ್ತಿ ಬೇಕಾದ ಆಕಾರಕ್ಕೆ ತರುತ್ತದೆ. ಆ ಭಾಗಗಳನ್ನು ಸೇರಿಸಿ ಬೆಸುಗೆ ಹಾಕಿ, ಸೋರುತ್ತದೆಯೇ ಎಂದು ಪರೀಕ್ಷಿಸಿ, ತೊಳೆದು ಬಣ್ಣ ಹಚ್ಚಿ, ಒಲೆಯಂಥ ಬಿಸಿ ಕೋಣೆಯಲ್ಲಿ ಒಣಗಿಸುತ್ತಾರೆ. ಹಳೆಯ ಜಾವಾದ ಟ್ಯಾಂಕಿನ ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಅದು ಕ್ರೋಮಿಯಂ ಲೋಹದ ತೆಳುವಾದ ಲೇಪ. ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ ವಿದ್ಯುತ್ ಹರಿಸಿ ಇದನ್ನು ಹಚ್ಚುತ್ತಾರೆ. ಇದಕ್ಕೆ ವಿದ್ಯುಲ್ಲೇಪನ ಎಂದು ಹೆಸರು. ಹೊಳಪಿನ ಜೊತೆಗೆ ತುಕ್ಕಿನಿಂದಲೂ ರಕ್ಷಣೆ.

ಕೊನೆಗೆ ಜೋಡಣೆಯ ಸಾಲು. ಇದನ್ನು ಅರ್ಥ ಮಾಡಿಕೊಳ್ಳಲು ಬಳ್ಳಾರಿ ನಗರದ ಜೀನ್ಸ್ ಹೊಲಿಯುವ ಘಟಕಗಳನ್ನು ನೆನೆಸಿಕೊಳ್ಳಿ. ಅಲ್ಲಿ ಒಬ್ಬರೇ ಕುಳಿತು ಇಡೀ ಪ್ಯಾಂಟು ಹೊಲಿಯುವುದಿಲ್ಲ. ಒಬ್ಬರು ಬಟ್ಟೆ ಕತ್ತರಿಸಿದರೆ ಇನ್ನೊಬ್ಬರು ಜೇಬು, ಮತ್ತೊಬ್ಬರು ಜಿಪ್ಪು, ಮಗದೊಬ್ಬರು ಗುಂಡಿ. ಬೈಕ್ ಜೋಡಣೆಯೂ ಹೀಗೆಯೇ. ಚೌಕಟ್ಟು ಸಾಲಿನಲ್ಲಿ ಮುಂದೆ ಸಾಗುತ್ತದೆ. ಒಬ್ಬರು ಎಂಜಿನ್ ಕೂರಿಸುತ್ತಾರೆ, ಇನ್ನೊಬ್ಬರು ಚಕ್ರ, ಮತ್ತೊಬ್ಬರು ದೀಪ ಮತ್ತು ತಂತಿ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಕೈ ಪಳಗುತ್ತದೆ, ಸಮಯ ಉಳಿಯುತ್ತದೆ. ಆದರೆ ಒಬ್ಬರು ಒಂದು ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೂ ರಸ್ತೆಯಲ್ಲಿ ಸವಾರನ ಜೀವಕ್ಕೆ ಅಪಾಯ. ಅದಕ್ಕೇ ಪ್ರತಿ ಹಂತದಲ್ಲೂ ತಪಾಸಣೆ. ಸಿದ್ಧವಾದ ಬೈಕನ್ನು ಓಡಿಸಿ, ಬ್ರೇಕು, ದೀಪ, ಸದ್ದು ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಹೊರಗೆ ಕಳಿಸುತ್ತಾರೆ.

ಕಾರ್ಖಾನೆ ಮುಚ್ಚಿತು

ಇಷ್ಟು ಜನಪ್ರಿಯವಾಗಿದ್ದ ಬೈಕು ಯಾಕೆ ನಿಂತಿತು? ಈಗ ಆ ನೀಲಿ ಹೊಗೆಯನ್ನು ನೆನಪಿಸಿಕೊಳ್ಳಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿ, ಹೊಸ ಮಿಶ್ರಣ ಬರುವ ಕಿಂಡಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗಿಬಿಡುತ್ತದೆ. ಪೆಟ್ರೋಲೂ ದಂಡ, ಗಾಳಿಯೂ ಮಲಿನ. 1980ರ ದಶಕದಲ್ಲಿ ಜಪಾನಿನ ತಂತ್ರಜ್ಞಾನದ 100 ಸಿ.ಸಿ. ಬೈಕುಗಳು ನಮ್ಮ ದೇಶಕ್ಕೆ ಬಂದವು. ಅವುಗಳಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಬೈಕುಗಳು ಒಂದು ಲೀಟರ್ ಪೆಟ್ರೋಲಿಗೆ ಬಹಳ ಹೆಚ್ಚು ದೂರ ಓಡುತ್ತಿದ್ದವು. 1990ರ ದಶಕದಲ್ಲಿ ವಾಯುಮಾಲಿನ್ಯದ ನಿಯಮಗಳೂ ಬಿಗಿಯಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದವರಿಗೂ ಅವರ ಮನೆಯವರಿಗೂ ಅದು ದೊಡ್ಡ ಪೆಟ್ಟು.

ಯಾನೆಚೆಕ್ ಅವರಿಗೆ 1929ರಲ್ಲಿ ಎದುರಾದ ಪ್ರಶ್ನೆಯೇ ಇಲ್ಲಿಯೂ ಎದುರಾಗಿತ್ತು. ಕಾಲ ಬದಲಾದಾಗ ಯಂತ್ರವೂ ಬದಲಾಗಬೇಕು. ನಿನ್ನೆ ಅಗ್ಗವಾಗಿದ್ದದ್ದು ಇಂದು ದುಬಾರಿಯಾಗಬಹುದು, ನಿನ್ನೆ ಒಳ್ಳೆಯದೆನಿಸಿದ್ದು ಇಂದು ಗಾಳಿಯನ್ನು ಕೆಡಿಸಬಹುದು. ಟೀನೆಟ್ಸಿನಲ್ಲಿ ಅಂದು ಬದಲಾವಣೆ ಬೇಗ ಬಂತು, ಕಾರ್ಖಾನೆ ಉಳಿಯಿತು. ಮೈಸೂರಿನಲ್ಲಿ ಉಳಿಯಲಿಲ್ಲ.

ಆದರೂ ಹೆಸರು ಅಳಿಯಲಿಲ್ಲ. ಹಳೆಯ ಜಾವಾ, ಯೆಜ್ಡಿಗಳನ್ನು ಜೋಪಾನ ಮಾಡಿದವರು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಒಟ್ಟಿಗೆ ಸೇರಿ ಜಾವಾ ಯೆಜ್ಡಿ ದಿನ ಆಚರಿಸುತ್ತಾರೆ. ಭಾಗಗಳು ಕಡಿಮೆ, ರಿಪೇರಿ ಸುಲಭ. ಹೀಗಾಗಿಯೇ ಹಳೆಯ ಬೈಕುಗಳು ಇಂದಿಗೂ ಓಡುತ್ತಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬೇರೆ ಕಂಪನಿಯಿಂದ ಮತ್ತೆ ಬಂದವು. ಅವುಗಳಲ್ಲಿ ಇರುವುದು ಫೋರ್ ಸ್ಟ್ರೋಕ್ ಎಂಜಿನ್.

ಮುಂದೆ ನೀವು ಯಾವುದಾದರೂ ಬೈಕಿನ ಮೇಲೆ ಜಾವಾ ಎಂಬ ಹೆಸರನ್ನು ಕಂಡರೆ, ಅದರ ಮೊದಲ ಅಕ್ಷರದಲ್ಲಿ ಬಾಂಬಿನ ಕಾರ್ಖಾನೆಯನ್ನು ಬೈಕಿನ ಕಾರ್ಖಾನೆಯಾಗಿ ಬದಲಿಸಿದ ಒಬ್ಬ ಎಂಜಿನಿಯರರ ಹೆಸರು ಅಡಗಿದೆ ಎಂಬುದನ್ನು ನಿಮ್ಮ ಗೆಳೆಯರಿಗೂ ತಿಳಿಸಿ.

ನೀವೇ ಲೆಕ್ಕ ಮಾಡಿ

1. ಹಳೆಯ ಜಾವಾ ಬೈಕಿನ ಸಿಲಿಂಡರಿನ ವ್ಯಾಸ 6.5 ಸೆಂ.ಮೀ., ಪಿಸ್ಟನ್ ಚಲಿಸುವ ದೂರ 7.5 ಸೆಂ.ಮೀ. ಸಿಲಿಂಡರಿನ ಗಾತ್ರ ಕಂಡುಹಿಡಿಯುವ ಸೂತ್ರ ಬಳಸಿ. ಉತ್ತರ ಸುಮಾರು 249 ಘನ ಸೆಂ.ಮೀ. ಬರುತ್ತದೆ. 250 ಸಿ.ಸಿ. ಬೈಕು ಎಂದರೆ ಏನೆಂದು ಈಗ ತಿಳಿಯಿತಲ್ಲವೆ?

2. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಒಂದು ಸುತ್ತು ತಿರುಗಿದರೆ ಒಂದು ಕಿಡಿ. ನಿಮಿಷಕ್ಕೆ 3000 ಸುತ್ತು ತಿರುಗಿದರೆ ಒಂದು ಸೆಕೆಂಡಿಗೆ ಎಷ್ಟು ಕಿಡಿಗಳು?

3. 20 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆ ಬೆರೆಸಬೇಕು. 5 ಲೀಟರ್ ಪೆಟ್ರೋಲಿಗೆ ಎಷ್ಟು ಮಿ.ಲೀ. ಎಣ್ಣೆ ಬೇಕು?

(2 ಮತ್ತು 3ರ ಉತ್ತರ: 50 ಕಿಡಿಗಳು, 250 ಮಿ.ಲೀ.)